ಕೊನೆ ಮನೆಯ ನಲ್ಲಿಯಲ್ಲಿ ಚರಂಡಿ ವಾಸನೆ: ದೋಷ ಹುಡುಕುವ ಬಗೆ

ಮುಂಗಾರಿನ ಮೊದಲ ಎರಡು ಮಳೆ ಬಿದ್ದ ವಾರ. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಲ್ಲಿ, ಕೆಳಗಿನ ಕೇರಿಯ ಮೂರು ಮನೆಗಳ ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ಆಶಾ ಅಕ್ಕ ಓಆರ್‌ಎಸ್ ಪ್ಯಾಕೆಟ್ ಹಿಡಿದು ಮನೆ ಮನೆ ಸುತ್ತುತ್ತಿದ್ದರು. ಊರವರದೆಲ್ಲ ಒಂದೇ ಮಾತು: "ಟ್ಯಾಂಕ್ ತೊಳ್ದಿಲ್ಲ, ಅದಕ್ಕೇ ಹಿಂಗಾಗೈತೆ." ಟ್ಯಾಂಕ್ ತೊಳೆಸಿದರು. ನಾಲ್ಕು ದಿನಕ್ಕೆ ಇನ್ನೆರಡು ಮನೆಯಲ್ಲಿ ಕಾಯಿಲೆ. ಮತ್ತೆ ತೊಳೆಸಿದರು, ಬ್ಲೀಚಿಂಗ್ ಪೌಡರ್ ಜಾಸ್ತಿ ಸುರಿದರು. ಮೇಲಿನ ಕೇರಿಯವರು "ಘಾಟು, ಬಾಯಿಗಿಡೋಕಾಗಲ್ಲ" ಅಂತ ಬೈದರು. ಕೆಳಗಿನ ಕೇರಿಯಲ್ಲಿ ಮಾತ್ರ ಬೆಳಗ್ಗೆ ಮೊದಲ ಎರಡು ಬಿಂದಿಗೆಗೆ ಅದೇ ಚರಂಡಿ ವಾಸನೆ.

ನಾನು ಊರಿನ ನೀರು ಪರೀಕ್ಷೆ ಮಾಡುವ ಐದು ಹೆಂಗಸರಲ್ಲಿ ಒಬ್ಬಳು. ಜಲಜೀವನ್ ಮಿಷನ್‌ನಲ್ಲಿ ಊರಿಗೆ ಐದು ಜನ ಹೆಂಗಸರಿಗೆ ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡುತ್ತಾರೆ, ನಮ್ಮ ಕರ್ನಾಟಕದಲ್ಲಿ ಈ ಯೋಜನೆಗೆ 'ಮನೆ ಮನೆಗೆ ಗಂಗೆ' ಅನ್ನುತ್ತಾರೆ. ಆ ಸಲ ದೋಷ ಹುಡುಕಲು ನಮಗೆ ಹನ್ನೊಂದು ದಿನ ಬೇಕಾಯಿತು. ಕ್ರಮ ಗೊತ್ತಿದ್ದಿದ್ದರೆ ಎರಡೇ ದಿನದ ಕೆಲಸ. ಆ ಒಂಬತ್ತು ದಿನದಲ್ಲಿ ಎಷ್ಟು ಮಕ್ಕಳು ಸುಮ್ನೆ ನರಳಿದವು ಅಂತ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಊರಿಗೆ ನೀರು ಬಿಡುವ ನೀರುಗಂಟಿಗಳು, ಪಂಚಾಯಿತಿ ಮೆಂಬರುಗಳು, ನೀರು ಸಮಿತಿಯವರು, ನನ್ನಂತೆ ಕಿಟ್ ಹಿಡಿದ ಅಕ್ಕತಂಗಿಯರು ಓದಲಿ ಅಂತ.

ಹುಡುಕುವುದಕ್ಕೆ ಮುಂಚೆ

ಕಾಯಿಲೆ ಶುರುವಾಗಿದ್ದರೆ ಮೊದಲು ಆ ನೀರು ಕುಡಿಯುವುದನ್ನು ನಿಲ್ಲಿಸಿ. ಲ್ಯಾಬ್ ವರದಿ ಬರಲಿ ಅಂತ ಕಾಯಬೇಡಿ. ಡಂಗುರ ಹೊಡೆಸಿ, ಇಲ್ಲವೇ ದೇವಸ್ಥಾನದ ಮೈಕಿನಲ್ಲಿ ಹೇಳಿಸಿ: ಕುಡಿಯುವ ನೀರನ್ನು ಕೊತಕೊತ ಕುದಿಸಿ ಆರಿಸಿಯೇ ಕುಡಿಯಬೇಕು. ಬೇರೆ ಒಳ್ಳೆಯ ಬೋರ್ ಇದ್ದರೆ ಅಲ್ಲಿಂದ ಟ್ಯಾಂಕರ್ ತರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸಿ. ಭೇದಿ ಆಗುತ್ತಿರುವ ಮಗುವಿಗೆ ಓಆರ್‌ಎಸ್ ಕೊಡುತ್ತಲೇ ಇರಬೇಕು. ಕಣ್ಣು ಗುಳಿಬಿದ್ದರೆ, ಉಚ್ಚೆ ಕಮ್ಮಿಯಾದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. 2023ರ ಆಗಸ್ಟ್ ಹೊತ್ತಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಮೊದಲು ಕೇಳಿ, ಆಮೇಲೆ ಅಗೆಯಿರಿ

ಒಂದು ಹಾಳೆಯಲ್ಲಿ ಊರಿನ ನಕ್ಷೆ ಬರೆಯಿರಿ. ಬೋರ್‌ವೆಲ್, ಟ್ಯಾಂಕ್, ಲೈನು, ವಾಲ್ವುಗಳು, ಚರಂಡಿ, ಮನೆಗಳು, ಇಷ್ಟು ಬಂದರೆ ಸಾಕು. ನಾವು ಶಾಲೆಯ ಅಂಗಳದಲ್ಲಿ ಸುಣ್ಣದ ಕಡ್ಡಿಯಲ್ಲಿ ಬರೆದು, ಕಾಯಿಲೆ ಬಂದ ಮನೆಗೊಂದರಂತೆ ಹುಣಸೆ ಬೀಜ ಇಟ್ಟೆವು. ಐದೂ ಬೀಜ ಒಂದೇ ಸಾಲಿನಲ್ಲಿ ಕೂತವು. ಆಗಲೇ ನಮಗೆ ಹೊಳೆಯಬೇಕಿತ್ತು.

ಊರಿಗೆಲ್ಲ ಕಾಯಿಲೆ ಹರಡಿದ್ದರೆ ದೋಷ ಬೋರ್‌ವೆಲ್ಲಿನಲ್ಲೋ ಟ್ಯಾಂಕಿನಲ್ಲೋ ಇರಬಹುದು. ಒಂದೇ ಕೇರಿಯಲ್ಲಿದ್ದರೆ ಆ ಕೇರಿಯ ಲೈನಿನಲ್ಲಿ. ಒಂದೇ ಮನೆಯಲ್ಲಿದ್ದರೆ ಆ ಮನೆಯ ಸಂಪು, ಡ್ರಮ್ಮು, ಬಿಂದಿಗೆ, ನೀರು ಮೊಗೆಯುವ ಚೊಂಬು ನೋಡಿ. ಟ್ಯಾಂಕ್ ಕೆಟ್ಟಿದ್ದರೆ ಮೇಲಿನ ಕೇರಿಯ ಮಕ್ಕಳು ಹೇಗೆ ನೆಟ್ಟಗಿರುತ್ತಿದ್ದವು? ಈ ಒಂದು ಪ್ರಶ್ನೆ ಮೊದಲ ದಿನವೇ ಕೇಳಿಕೊಂಡಿದ್ದರೆ ಟ್ಯಾಂಕ್ ಎರಡು ಸಲ ತೊಳೆಯುವ ಕೆಲಸ ಉಳಿಯುತ್ತಿತ್ತು.

ಮನೆಯ ಹೆಂಗಸರನ್ನು ಕೇಳಿ, ನೀರು ಹಿಡಿಯುವವರು ಅವರೇ ಅಲ್ವಾ. ವಾಸನೆ ಯಾವ ಹೊತ್ತಲ್ಲಿ? ನೀರು ಬಿಟ್ಟ ಕೂಡಲೇ ಬರುವ ನೀರಿಗೋ, ಕೊನೆಗೂ ಇರುತ್ತದೋ? ನಮ್ಮ ಕೇರಿಯ ಅಜ್ಜಿಯೊಬ್ಬರು ಹೇಳಿದ್ದು ನೆನಪಿದೆ: "ಮೊದ್ಲು ಬರೋ ನೀರು ದನಕ್ಕೆ ಇಡ್ತೀನಿ ಕಣವ್ವ, ಆಮೇಲಿಂದು ಮನೆಗೆ." ಕಿಟ್ ಏನೂ ಇಲ್ಲದೆ ಅಜ್ಜಿ ದೋಷದ ಅರ್ಧ ದಾರಿ ಕಂಡುಹಿಡಿದಿದ್ದರು. ಮೊದಲ ನೀರಿಗೆ ಮಾತ್ರ ವಾಸನೆ ಇದೆ ಅಂದರೆ, ನೀರು ನಿಂತ ಹೊತ್ತಿನಲ್ಲಿ ಪೈಪಿನೊಳಕ್ಕೆ ಕೊಳಕು ಸೇರುತ್ತಿದೆ ಅಂತ ಅರ್ಥ.

ನೀರೇ ಹೇಳುವ ಗುರುತುಗಳು

ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಹಿಡಿಯಿರಿ. ಹಾಲಿನಂತೆ ಬೆಳ್ಳಗಿದ್ದು, ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿ, ಹೆದರಬೇಡಿ. ಬಿಳಿ ಪುಡಿ ತಳಕ್ಕೆ ಕೂತರೆ ಬ್ಲೀಚಿಂಗ್ ಪೌಡರಿನ ಸುಣ್ಣ ಟ್ಯಾಂಕಿಗೆ ಬಿದ್ದಿದೆ. ಕೆಂಪಗೆ ಬಂದು, ಬಟ್ಟೆಗೆ ಕಲೆ ಹಿಡಿದರೆ ಕಬ್ಬಿಣ, ಅಥವಾ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಕ್ಕು. ಮಳೆ ಬಂದ ದಿನ ಮಾತ್ರ ರಾಡಿಯಾದರೆ ಲೈನು ಎಲ್ಲೋ ಒಡೆದಿದೆ, ಇಲ್ಲ ಬೋರ್‌ವೆಲ್ಲಿನ ಬಾಯಿಗೆ ಮೇಲಿನ ನೀರು ಇಳಿಯುತ್ತಿದೆ. ಕೊಳೆತ ಮೊಟ್ಟೆಯ ವಾಸನೆ ಬೋರ್‌ವೆಲ್ಲಿನಲ್ಲೇ ಬಂದರೆ ಅದು ಅಲ್ಲಿನದೇ ಗ್ಯಾಸು, ಬೋರ್‌ವೆಲ್ಲಿನಲ್ಲಿ ಇಲ್ಲದೆ ಮನೆಯಲ್ಲಿ ಮಾತ್ರ ಬಂದರೆ ಚರಂಡಿ.

ಕಣ್ಣಿಗೂ ಮೂಗಿಗೂ ಸಿಗದ ದೋಷಗಳೂ ಇವೆ. ಅವನ್ನು ಆಮೇಲೆ ಹೇಳುತ್ತೇನೆ.

ಕ್ಲೋರಿನ್ ಹಿಡಿದು ನಡೆಯುವುದು

ನನ್ನ ಅನುಭವದಲ್ಲಿ ಲೈನಿನ ದೋಷ ಹುಡುಕಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಟ್ಯಾಂಕಿಗೆ ಹಾಕಿದ ಕ್ಲೋರಿನ್ ಕೊಳಕನ್ನು ಕೊಲ್ಲುತ್ತಾ ತಾನೂ ಖರ್ಚಾಗುತ್ತದೆ. ಹಾಗಾಗಿ ಯಾವ ಜಾಗದಲ್ಲಿ ಕ್ಲೋರಿನ್ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೋ, ಅಲ್ಲೇ ಕೊಳಕು ಒಳಗೆ ಬರುತ್ತಿದೆ.

ಮಾಡುವ ರೀತಿ ಸುಲಭ. ಕಿಟ್ಟಿನ ಸಣ್ಣ ಟ್ಯೂಬಿಗೆ ಗುರುತಿನವರೆಗೆ ನೀರು ತುಂಬಿ, ಅದರಲ್ಲಿ ಹೇಳಿರುವಷ್ಟು ಹನಿ ದ್ರಾವಣ ಹಾಕಿ ಅಲುಗಾಡಿಸಿ. ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗುತ್ತದೆ. ಜಾಸ್ತಿ ಇದ್ದಷ್ಟೂ ಬಣ್ಣ ಗಾಢ. ಹತ್ತು ಸೆಕೆಂಡಿನೊಳಗೆ ಬಣ್ಣದ ಪಟ್ಟಿಗೆ ಹೋಲಿಸಿ, ತಡವಾದರೆ ಲೆಕ್ಕ ತಪ್ಪುತ್ತದೆ. ಆ ದ್ರಾವಣ ವಿಷ. ಕೈಗೆ ತಾಗಿದರೆ ತೊಳೆಯಿರಿ, ಪರೀಕ್ಷೆ ಮಾಡಿದ ನೀರನ್ನು ದನ ಕುಡಿಯುವ ಬಾನಿಗೆ ಚೆಲ್ಲಬೇಡಿ.

ಮನೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ. ಕೊನೆ ಮನೆಯಲ್ಲಿ ಅಷ್ಟು ಸಿಕ್ಕರೆ ಒಳ್ಳೆಯದು.

ನಾವು ಟ್ಯಾಂಕಿನ ಕೆಳಗಿನಿಂದ ಶುರು ಮಾಡಿದೆವು. ಅಲ್ಲಿ 0.5. ಶಾಲೆ ಮೂಲೆಯಲ್ಲಿ 0.5. ಅಂಗನವಾಡಿ ಹತ್ತಿರ 0.4. ಕೆಳಗಿನ ಕೇರಿಯ ಆರನೇ ಮನೆಯಲ್ಲಿ ಇನ್ನೂ 0.4. ಏಳನೇ ಮನೆಯಲ್ಲಿ ಟ್ಯೂಬಿನ ನೀರು ಹೆಂಗಿತ್ತೋ ಹಂಗೇ ನಿಂತಿತು. ಬಣ್ಣವೇ ಇಲ್ಲ. ದ್ರಾವಣ ಹಾಕುವುದೇ ಮರೆತೆನೇನೋ ಅಂತ ಇನ್ನೊಂದು ಸಲ ಹಾಕಿದೆ. ಮತ್ತೆ ಬಣ್ಣವಿಲ್ಲದ ನೀರು. ಆರನೇ ಮನೆಗೂ ಏಳನೇ ಮನೆಗೂ ನಡುವೆ ಇಪ್ಪತ್ತು ಹೆಜ್ಜೆ. ಹನ್ನೊಂದು ದಿನ ಹುಡುಕಿದ್ದು ಆ ಇಪ್ಪತ್ತು ಹೆಜ್ಜೆಯಲ್ಲಿತ್ತು.

ಪರೀಕ್ಷೆಯನ್ನು ಎರಡು ಹೊತ್ತು ಮಾಡುವುದು ಮರೆಯಬೇಡಿ. ನೀರು ಬಿಟ್ಟ ಕೂಡಲೇ ಒಂದು, ಇಪ್ಪತ್ತು ನಿಮಿಷದ ಮೇಲೆ ಒಂದು. ಏಳನೇ ಮನೆಯಲ್ಲಿ ಇಪ್ಪತ್ತು ನಿಮಿಷದ ಮೇಲೆ 0.3 ಬಂತು. ಬೆಳಗ್ಗೆ ತಡವಾಗಿ ಬಂದು ಸ್ಯಾಂಪಲ್ ಹಿಡಿದವರಿಗೆಲ್ಲ "ನೀರು ಚೆನ್ನಾಗಿದೆ" ಅನಿಸಿದ್ದು ಇದಕ್ಕೇ.

ಕ್ಲೋರಿನ್ ಹಾಕದ ಊರಾದರೆ ಈ ಉಪಾಯ ನಡೆಯುವುದಿಲ್ಲ. ಆಗ ಮಲದ ಕೊಳಕು ತೋರಿಸುವ ಎಚ್‌ಟುಎಸ್ ಪರೀಕ್ಷೆ ಬಾಟಲಿ ಬಳಸಬೇಕು. ನಲ್ಲಿಯ ಬಾಯಿ ಚೆನ್ನಾಗಿ ಒರೆಸಿ, ಸ್ವಲ್ಪ ನೀರು ಹರಿಯಬಿಟ್ಟು, ಮುಚ್ಚಳದ ಒಳಭಾಗ ಮುಟ್ಟದೆ ಗುರುತಿನವರೆಗೆ ತುಂಬಿ ಬೆಚ್ಚಗಿನ ಜಾಗದಲ್ಲಿಡಿ. 24ರಿಂದ 48 ಗಂಟೆಯೊಳಗೆ ನೀರು ಕಪ್ಪಾದರೆ ಮಲದ ಕೊಳಕು ಸೇರಿರುವ ಸಾಧ್ಯತೆ ಇದೆ. ಆದರೆ ಮೊದಲ ನೀರಿನ ದೋಷ ಹುಡುಕುವುದಾದರೆ ಜಾಸ್ತಿ ಹರಿಯಬಿಡಬೇಡಿ, ಕೊಳಕೆಲ್ಲ ಕೊಚ್ಚಿಹೋಗುತ್ತದೆ.

ಲೋಟದ ಪರೀಕ್ಷೆ

ಪೈಪು ನೀರನ್ನು ಹೊರಗೆ ಕೊಡುತ್ತದೆ ಅಂತಷ್ಟೇ ನಾವು ನಂಬಿದ್ದೇವೆ. ಒಳಕ್ಕೂ ಎಳೆಯುತ್ತದೆ. ವಾಲ್ವು ಮುಚ್ಚಿದ ಮೇಲೆ ಲೈನಿನಲ್ಲಿ ಉಳಿದ ನೀರು ತಗ್ಗಿನ ಕಡೆಗೆ ಇಳಿಯುತ್ತದೆ. ಅದರ ಹಿಂದೆ ಪೈಪು ಖಾಲಿಯಾಗುತ್ತದೆ. ಆ ಖಾಲಿ ಜಾಗಕ್ಕೆ ಬಿರುಕಿನಿಂದಲೋ ತೆರೆದ ನಲ್ಲಿಯಿಂದಲೋ ಗಾಳಿ ನುಗ್ಗುತ್ತದೆ. ಬಿರುಕು ಚರಂಡಿಯಲ್ಲಿದ್ದರೆ ನುಗ್ಗುವುದು ಚರಂಡಿ ನೀರು.

ಇದನ್ನು ಕಣ್ಣಾರೆ ನೋಡಬಹುದು. ಎತ್ತರದಲ್ಲಿರುವ ಒಂದು ಮನೆಯ ನಲ್ಲಿಗೆ ಒಂದಡಿ ಪೈಪು ಸಿಕ್ಕಿಸಿ, ಅದರ ತುದಿಯನ್ನು ತುಂಬಿದ ಲೋಟದಲ್ಲಿ ಮುಳುಗಿಸಿ ಹಿಡಿಯಿರಿ. ನಲ್ಲಿ ತೆರೆದೇ ಇರಲಿ. ಲೋಟ ತೊಳೆದದ್ದಿರಲಿ, ನೀರು ಕುದಿಸಿ ಆರಿಸಿದ್ದಿರಲಿ, ಅದು ಲೈನಿಗೇ ಹೋಗುತ್ತದೆ. ಈಗ ನೀರುಗಂಟಿಗೆ ವಾಲ್ವು ಮುಚ್ಚಲು ಹೇಳಿ. ಲೈನು ಹೀಗೆ ಎಳೆಯುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಲೋಟ ಖಾಲಿ. ನಮ್ಮ ಪಂಚಾಯಿತಿ ಮೆಂಬರೊಬ್ಬರು ಇದನ್ನು ನೋಡಿ ಎರಡನೇ ಲೋಟ ತಾವೇ ಹಿಡಿದರು. ಅದೂ ಖಾಲಿಯಾಯಿತು. ಆಮೇಲೆ ಅವರು ಟ್ಯಾಂಕಿನ ಸುದ್ದಿ ಎತ್ತಲಿಲ್ಲ.

ಇಪ್ಪತ್ತು ಹೆಜ್ಜೆಯೊಳಗೆ ಸಿಕ್ಕಿದ್ದು

ಸೋರಿಕೆ ಹುಡುಕಲು ನಸುಕಿನ ಹೊತ್ತು ಒಳ್ಳೆಯದು, ಊರು ನಿಶ್ಶಬ್ದವಾಗಿರುತ್ತದೆ. ಕಬ್ಬಿಣದ ಸಲಾಕೆಯ ಒಂದು ತುದಿ ಪೈಪಿಗೋ ವಾಲ್ವಿಗೋ ತಾಗಿಸಿ, ಇನ್ನೊಂದು ತುದಿಗೆ ಕಿವಿ ಕೊಡಿ. ಸೋರುತ್ತಿದ್ದರೆ ಸುಯ್ ಅನ್ನುವ ಸದ್ದು. ಬೇಸಿಗೆಯಲ್ಲೂ ಹಸಿರಾಗಿರುವ ಗರಿಕೆ, ಒಣಗದ ಕೆಸರು, ಚರಂಡಿಯಲ್ಲಿ ಒಂದೇ ಜಾಗದಲ್ಲಿ ತಿಳಿ ನೀರು, ಇವೆಲ್ಲ ಗುರುತುಗಳೇ.

ನಮಗೆ ಸಿಕ್ಕಿದ್ದು ಎರಡು. ಒಂದು, ಚರಂಡಿ ದಾಟಿ ಹೋಗುವ ಮನೆ ಕನೆಕ್ಷನ್ ಪೈಪು. ಚರಂಡಿ ಹೂಳೆತ್ತುವಾಗ ಸನಿಕೆ ತಾಗಿ ಜಾಯಿಂಟ್ ಬಿಟ್ಟಿತ್ತು. ಯಾರೋ ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದರು. ನೀರು ಬಿಟ್ಟಾಗ ಟ್ಯೂಬಿನ ಸಂದಿನಿಂದ ಸಣ್ಣಗೆ ಗುಳ್ಳೆ ಏಳುತ್ತಿದ್ದವು. ವಾಲ್ವು ಮುಚ್ಚಿದ ಮೇಲೆ ನಾವು ಚರಂಡಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆವು. ಗುಳ್ಳೆ ನಿಂತವು. ಚರಂಡಿಯಲ್ಲಿ ತೇಲುತ್ತಿದ್ದ ಒಂದು ಬೇವಿನ ಎಲೆ ಮೆಲ್ಲಗೆ ತಿರುಗಿ, ಆ ಟ್ಯೂಬಿನ ಹತ್ತಿರ ಹೋಗಿ ಸಂದಿಗೆ ಅಂಟಿಕೊಂಡಿತು. ನೀರುಗಂಟಿ ಅಣ್ಣ "ಅಯ್ಯೋ ಶಿವನೇ" ಅಂತ ತಲೆ ಹಿಡಿದುಕೊಂಡರು.

ಎರಡನೆಯದು ನಲ್ಲಿ ಗುಂಡಿ. ಕೆಳಗಿನ ಕೇರಿಯ ಎಂಟು ಮನೆಗಳ ಮುಂದೆ ಎರಡಡಿ ಆಳ ತೋಡಿ, ನಲ್ಲಿ ಬಿಚ್ಚಿ, ಬರಿಯ ಪೈಪನ್ನು ಗುಂಡಿಯೊಳಗೆ ಬಿಟ್ಟಿದ್ದರು. ತಗ್ಗಿಸಿದರೆ ನೀರು ಸ್ವಲ್ಪ ಜೋರಾಗಿ ಬರುತ್ತದೆ, ಅದಕ್ಕೆ. ಆದರೆ ಬಿಂದಿಗೆ ತೊಳೆದ ನೀರು, ಮಳೆ ನೀರು, ಕೋಳಿ ಕೆದಕಿದ ಕಸ ಎಲ್ಲ ಅದೇ ಗುಂಡಿಯಲ್ಲಿ ನಿಲ್ಲುತ್ತದೆ. ನಲ್ಲಿಯಲ್ಲಿ ನೀರು ಬರುವುದು ನಿಂತ ಕೂಡಲೇ ಪೈಪು ಅದನ್ನು ಹೀರುತ್ತದೆ. ನಿಮ್ಮ ಮನೆ ಗುಂಡಿಯ ನೀರು ನಾಳೆ ಬೆಳಗ್ಗೆ ಪಕ್ಕದ ಮನೆಯ ಬಿಂದಿಗೆಗೆ. ನಲ್ಲಿಗೆ ನೇರ ಮೋಟಾರು ಹಾಕಿ ಎಳೆದರೂ ಇದೇ ಆಗುತ್ತದೆ, ಅದೂ ನೀರು ಬರುತ್ತಿರುವ ಹೊತ್ತಿನಲ್ಲೇ.

ಗುಂಡಿ ತೋಡಿದವರನ್ನು ಬೈಯಬೇಡಿ

ಈ ಕೈಪಿಡಿಯಲ್ಲಿ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಇದು. ಗುಂಡಿ ಸಿಕ್ಕಿತು, ಮುಚ್ಚಿಸಿದೆವು, ದಂಡ ಹಾಕಿದೆವು ಅಂತ ಅಲ್ಲಿಗೇ ನಿಲ್ಲಿಸಿದರೆ ತಿಂಗಳೊಳಗೆ ಗುಂಡಿ ವಾಪಸ್ಸು ಬರುತ್ತದೆ. ಗುಂಡಿ ದೋಷವಲ್ಲ, ದೋಷದ ಗುರುತು. ಆ ಹೆಂಗಸಿಗೆ ನೀರು ಸಾಲುತ್ತಿಲ್ಲ. ಯಾಕೆ ಸಾಲುತ್ತಿಲ್ಲ ಅಂತ ಇನ್ನೂ ಹಿಂದಕ್ಕೆ ಹೋಗಬೇಕು.

ಲೆಕ್ಕ ನೋಡಿ. ಜಲಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು. ಐದು ಜನರ ಮನೆಗೆ 275 ಲೀಟರ್. ನಮ್ಮಲ್ಲಿ ನೀರು ಬಿಡುವುದು ಒಂದು ಗಂಟೆ. ಅಂದರೆ ನಿಮಿಷಕ್ಕೆ ನಾಲ್ಕೂವರೆ ಲೀಟರಿನಷ್ಟು ಬರಬೇಕು. 20 ಲೀಟರ್ ಕ್ಯಾನ್ ನಾಲ್ಕೂವರೆ ನಿಮಿಷದೊಳಗೆ ತುಂಬಬೇಕು. ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದೆವು. ಮೇಲಿನ ಕೇರಿಯಲ್ಲಿ ಎರಡು ನಿಮಿಷ. ಕೆಳಗಿನ ಕೇರಿಯ ಕೊನೆ ಮನೆಯಲ್ಲಿ ಹನ್ನೊಂದು ನಿಮಿಷ. ಹನ್ನೊಂದು ನಿಮಿಷ ನಲ್ಲಿ ಮುಂದೆ ಕ್ಯಾನ್ ಹಿಡಿದು ಕೂತ ಯಾರೇ ಆದರೂ ಗುಂಡಿ ತೋಡುತ್ತಾರೆ.

ತಗ್ಗಿನಲ್ಲಿರುವ ಕೇರಿಗೆ ನೀರು ಇನ್ನೂ ಜೋರಾಗಿ ಬರಬೇಕಲ್ವಾ? ಬರುತ್ತಿಲ್ಲ ಅಂದರೆ ನಡುವೆ ಏನೋ ತಡೆ ಇದೆ. ಕ್ಯಾನ್ ಹಿಡಿದು ಮನೆಯಿಂದ ಮನೆಗೆ ಹಿಂದಕ್ಕೆ ಬಂದೆವು. ಅಂಗನವಾಡಿ ಮುಂದಿನ ಗೇಟ್ ವಾಲ್ವಿನ ಹಿಂದಿನ ಮನೆಯಲ್ಲಿ ಎರಡೂವರೆ ನಿಮಿಷ, ವಾಲ್ವಿನ ಮುಂದಿನ ಮನೆಯಲ್ಲಿ ಒಂಬತ್ತು. ವಾಲ್ವು ಪೂರ್ತಿ ತೆರೆದಿದೆ ಅಂತ ನೀರುಗಂಟಿ ಅಣ್ಣ ಆಣೆ ಮಾಡಿದರು. ಅವರು ಹೇಳಿದ್ದು ಸುಳ್ಳಲ್ಲ. ಕೀಲಿ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಗೇಟು, ಅದನ್ನು ಎತ್ತಿ ಇಳಿಸುವ ಕಡ್ಡಿಯಿಂದ (ಸ್ಪಿಂಡಲ್) ಕಳಚಿ, ಮುಕ್ಕಾಲು ಮುಚ್ಚಿದಂತೆ ಜಾರಿ ಕೂತಿತ್ತು. ಮೇಲೆ ಎಷ್ಟು ತಿರುಗಿಸಿದರೂ ಕೆಳಗೆ ಗೇಟು ಏಳುತ್ತಿರಲಿಲ್ಲ. ವಾಲ್ವಿನ ಕೀಲಿ ಎಲ್ಲೂ ಬಿಗಿ ಹಿಡಿಯದೆ ಹಗುರಾಗಿ ತಿರುಗುತ್ತಲೇ ಇದ್ದರೆ ಈ ದೋಷವನ್ನು ಅನುಮಾನಿಸಿ. ಹೊಸ ವಾಲ್ವು ಹಾಕಿದಾಗ ಪೂರ್ತಿ ತೆರೆಯಲು ಎಷ್ಟು ಸುತ್ತು ಬೇಕು ಅಂತ ಎಣಿಸಿ, ಛೇಂಬರಿನ ಗೋಡೆ ಮೇಲೆ ಪೇಂಟಿನಲ್ಲಿ ಬರೆದಿಡಿ. ನಾಳೆ ಬರುವ ನೀರುಗಂಟಿಗೆ ಅದು ಉಪಕಾರ.

ವಾಲ್ವು ಸರಿ ಇದ್ದೂ ಒತ್ತಡ ಇಲ್ಲದಿದ್ದರೆ ಬೇರೆ ಕಾರಣ ನೋಡಿ. ಟ್ಯಾಂಕ್ ತುಂಬುತ್ತಲೇ ಇಲ್ಲವೇನೋ. ನಮ್ಮ ಕಡೆ ಅಡಿಕೆ ತೋಟಗಳ ಮೋಟಾರುಗಳೂ ಪಂಚಾಯಿತಿ ಮೋಟಾರೂ ತ್ರೀ ಫೇಸ್ ಕರೆಂಟ್ ಬಂದ ಹೊತ್ತಿಗೇ ಒಟ್ಟಿಗೆ ಓಡುತ್ತವೆ. ಬೋರ್‌ವೆಲ್ಲಿನ ನೀರು ತಗ್ಗುತ್ತದೆ. ಮೋಟಾರು ಓಡುತ್ತಿದ್ದು, ಮೋಟಾರು ಎಳೆಯುವ ಕರೆಂಟ್ ತೋರಿಸುವ ಆಂಪ್ಸ್ ಮೀಟರಿನ ಮುಳ್ಳು ಮಾಮೂಲಿಗಿಂತ ಕೆಳಗಿದ್ದು, ಪೈಪಿನಲ್ಲಿ ನೀರಿನ ಜೊತೆ ಗಾಳಿ ಬುಸ್ ಬುಸ್ ಅಂದರೆ ಬೋರ್‌ನಲ್ಲಿ ನೀರಿಲ್ಲ. ಕೂಡಲೇ ಆಫ್ ಮಾಡಿಸಿ, ಇಲ್ಲದಿದ್ದರೆ ಮೋಟಾರು ಸುಡುತ್ತದೆ. ಮುಳ್ಳು ಮೇಲಕ್ಕೆ ಏರಿದ್ದರೆ ಮೋಟಾರು ಜಾಮ್ ಆಗಿರಬಹುದು, ಇಲ್ಲ ವೋಲ್ಟೇಜ್ ಕಮ್ಮಿ. ಪ್ಯಾನಲ್ ಬೋರ್ಡ್ ಕೆಲಸವನ್ನು ತಿಳಿದವರೇ ಮಾಡಲಿ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಡಿ.

ರಿಪೇರಿ ಆದ ಮೇಲೆ

ಚರಂಡಿ ದಾಟುವ ಪೈಪನ್ನು ಚರಂಡಿಯ ಮೇಲಿನಿಂದ ತನ್ನಿ. ಆಗದಿದ್ದರೆ ದೊಡ್ಡ ಪೈಪಿನೊಳಗೆ ತೂರಿಸಿ, ಚರಂಡಿಯ ಒಳಗೆ ಒಂದೂ ಜಾಯಿಂಟ್ ಬರದಂತೆ ನೋಡಿ. ನಲ್ಲಿಯನ್ನು ಕಟ್ಟೆ ಮೇಲೆ ಎತ್ತರಿಸಿ, ಕೆಳಗೆ ನೀರು ನಿಲ್ಲದಂತೆ ಇಳಿಜಾರು ಕೊಡಿ. ಆಮೇಲೆ ಲೈನು ತೊಳೆಯಬೇಕು. ರಾತ್ರಿ ಬ್ಲೀಚಿಂಗ್ ಜಾಸ್ತಿ ಹಾಕಿದ ನೀರನ್ನು ಲೈನಿನಲ್ಲಿ ತುಂಬಿ ನಿಲ್ಲಿಸಿ, ಬೆಳಗ್ಗೆ ಲೈನಿನ ಕೊನೆಯ ವಾಶ್‌ಔಟ್‌ನಿಂದ (ಲೈನು ಖಾಲಿ ಮಾಡುವ ವಾಲ್ವು) ಪೂರ್ತಿ ಹೊರಗೆ ಬಿಡಿ. ಆ ನೀರು ಯಾರೂ ಹಿಡಿಯಬಾರದು ಅಂತ ಹಿಂದಿನ ಸಂಜೆಯೇ ಮನೆ ಮನೆಗೆ ಹೇಳಿಬನ್ನಿ.

ದಿನದ ಬ್ಲೀಚಿಂಗ್ ಲೆಕ್ಕ ಹೀಗೆ. ನಮ್ಮ ಟ್ಯಾಂಕ್ 50 ಸಾವಿರ ಲೀಟರಿನದು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಅಂದರೆ ಒಟ್ಟು 100 ಗ್ರಾಂ. ಪೌಡರಿನಲ್ಲಿ ನೂರಕ್ಕೆ 25 ಭಾಗ ಕ್ಲೋರಿನ್ ಇದ್ದರೆ 400 ಗ್ರಾಂ ಪೌಡರ್ ಬೇಕು. ಇದು ಶುರು ಮಾಡುವ ಅಳತೆ. ಕೊನೆ ಮನೆಯಲ್ಲಿ ಬಣ್ಣ ನೋಡಿ ಹೆಚ್ಚು ಕಮ್ಮಿ ಮಾಡಿಕೊಳ್ಳಿ. ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ನೀರು ಹಾಕಿ ತಿರುವಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ನೀರನ್ನು ಮಾತ್ರ ಟ್ಯಾಂಕಿಗೆ ಹಾಕಿ. ಅರ್ಧ ಗಂಟೆ ಬಿಟ್ಟು ಊರಿಗೆ ಬಿಡಿ. ಮೂಟೆ ಬಾಯಿ ಬಿಚ್ಚಿಟ್ಟ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಮೂಸಿದರೆ ಘಾಟೇ ಇಲ್ಲದ ಪೌಡರನ್ನು ಎಷ್ಟು ಸುರಿದರೂ ಸುಣ್ಣ ಸುರಿದಂತೆ.

ಚರಂಡಿಗೆ ಆ ಕೊಳಕು ಬಂದದ್ದು ಎಲ್ಲಿಂದ

ಚರಂಡಿಯಲ್ಲಿ ಬರಿ ಸ್ನಾನದ ನೀರು, ಪಾತ್ರೆ ತೊಳೆದ ನೀರು ಇದ್ದಿದ್ದರೆ ಮಕ್ಕಳಿಗೆ ಇಷ್ಟು ಜೋರಾಗಿ ಭೇದಿ ಆಗುವುದು ಕಮ್ಮಿ. ಹಾಗಾಗಿ ಚರಂಡಿಯ ಗುಂಟ ಮೇಲಕ್ಕೆ ನಡೆದೆವು. ಎರಡು ಶೌಚಾಲಯಗಳ ಗುಂಡಿ ತುಂಬಿ ಚರಂಡಿಗೆ ಹರಿಯುತ್ತಿತ್ತು. ಒಂದನ್ನು ಬೇಕಂತಲೇ ಪೈಪು ಕೊಟ್ಟು ಬಿಟ್ಟಿದ್ದರು.

ಸ್ವಚ್ಛ ಭಾರತ್ ಮಿಷನ್ 2014ರ ಅಕ್ಟೋಬರ್ 2ರಂದು ಶುರುವಾಯಿತು. ಆಗ 12 ಸಾವಿರ ರೂಪಾಯಿ ಸಹಾಯಧನದಲ್ಲಿ ಕಟ್ಟಿದ ಶೌಚಾಲಯಗಳಲ್ಲಿ ಎರಡು ಗುಂಡಿ ಇರುವ ಮಾದರಿಯೂ ಇದೆ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಬೇಕು. ತುಂಬಿದ್ದು ಒಂದೂವರೆ ಎರಡು ವರ್ಷ ಮುಚ್ಚಿದ್ದರೆ ಒಳಗಿನದು ಒಣಗಿ ವಾಸನೆ ಇಲ್ಲದ ಗೊಬ್ಬರವಾಗುತ್ತದೆ. ನೀವು ನೋಡಬೇಕಾದ್ದು ಎರಡು ಗುಂಡಿಗೆ ದಾರಿ ಒಡೆಯುವ ಸಣ್ಣ ಛೇಂಬರು. ಮುಚ್ಚಳ ಎತ್ತಿ. ಎರಡೂ ದಾರಿ ತೆರೆದಿದ್ದರೆ ಎರಡೂ ಗುಂಡಿ ಒಟ್ಟಿಗೆ ತುಂಬುತ್ತವೆ, ಗೊಬ್ಬರವಾಗಲು ಒಂದಕ್ಕೂ ಪುರಸೊತ್ತು ಸಿಗುವುದಿಲ್ಲ. ಒಂದು ದಾರಿಯನ್ನು ಇಟ್ಟಿಗೆ, ಸಿಮೆಂಟಿನಿಂದ ಮುಚ್ಚಿ.

ಕಪ್ಪು ಎರೆ ಭೂಮಿಯಲ್ಲಿ ಇನ್ನೊಂದು ತೊಂದರೆ ಇದೆ. ಮಳೆಗಾಲದಲ್ಲಿ ಎರೆ ಉಬ್ಬಿ ನೀರು ಇಂಗುವುದಿಲ್ಲ, ಗುಂಡಿ ಉಕ್ಕುತ್ತದೆ. ಅಂಥ ಕಡೆ ಗುಂಡಿಯ ಸುತ್ತ ಒಂದಡಿ ಅಗಲ ಮರಳು, ಇಟ್ಟಿಗೆ ಚೂರು ತುಂಬಿದರೆ ಇಂಗಲು ಜಾಗ ಸಿಗುತ್ತದೆ. ಬೋರ್‌ವೆಲ್ಲಿಗೂ ಗುಂಡಿಗೂ ಕನಿಷ್ಠ 10 ಮೀಟರ್ ಅಂತರ ಇರಲಿ. ಬಿರುಕು ಕಲ್ಲಿನ ನೆಲವಾದರೆ ಇನ್ನೂ ದೂರ ಇದ್ದಷ್ಟು ಒಳ್ಳೆಯದು. ಯಾರನ್ನೂ ಗುಂಡಿಗೆ ಇಳಿಸಬೇಡಿ. ರಕ್ಷಣೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಜನ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ಒಳಗಿನ ಗ್ಯಾಸಿಗೆ ಮನುಷ್ಯ ನಿಮಿಷಗಳಲ್ಲಿ ಸಾಯುತ್ತಾನೆ. ಸಕ್ಕಿಂಗ್ ಮಷೀನ್ ತರಿಸಿ.

ಬಣ್ಣವಿಲ್ಲದ ದೋಷಗಳು

ಚಿತ್ರದುರ್ಗ ಪೇಟೆಗೆ ಸೂಳೆಕೆರೆಯ, ವಾಣಿವಿಲಾಸ ಸಾಗರದ ನೀರು ಬರುತ್ತದೆ. ನಮ್ಮಂಥ ಎಷ್ಟೋ ಹಳ್ಳಿಗೆ ಆಳದ ಬೋರ್‌ವೆಲ್ಲೇ ಗತಿ. ಈ ಜಿಲ್ಲೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ, ಅದರ ಮೇಲೆ ಬೇಡ. ಶಾಲೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಂಡರೆ ಬೋರ್ ನೀರನ್ನು ಪರೀಕ್ಷೆಗೆ ಕಳಿಸಿ. ಇದಕ್ಕೆ ಬ್ಲೀಚಿಂಗ್ ಕೆಲಸ ಮಾಡುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ನೈಟ್ರೇಟ್ ಕೂಡ ಹಾಗೇ, ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಗುಂಡಿ, ತಿಪ್ಪೆ, ಗೊಬ್ಬರದಿಂದ ಇಳಿಯುತ್ತದೆ, ಬಾಟಲಿ ಹಾಲು ಕುಡಿಯುವ ಎಳೆ ಕೂಸಿಗೆ ಅಪಾಯ.

ಶುದ್ಧ ನೀರಿನ ಘಟಕ ಇದ್ದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರನ್ನೇ ನಂಬಿ ಕೂರಬೇಡಿ. ಬೋರ್ ನೀರಿನ ಟಿಡಿಎಸ್ ಕಮ್ಮಿ ಇದ್ದೂ ಫ್ಲೋರೈಡ್ ಜಾಸ್ತಿ ಇರಬಹುದು. ಘಟಕದ ನೀರಿನ ಟಿಡಿಎಸ್ ತಿಂಗಳಿಂದ ತಿಂಗಳಿಗೆ ಮೆಲ್ಲಗೆ ಏರಿದರೆ ನೀರು ಸೋಸುವ ಪೊರೆ (ಮೆಂಬ್ರೇನ್) ಸವೆದಿದೆ. ಒಂದೇ ದಿನಕ್ಕೆ ಏರಿದರೆ ರಬ್ಬರ್ ರಿಂಗ್ ಹರಿದಿದೆ, ಇಲ್ಲ ಯಾರೋ ಬೈಪಾಸ್ ವಾಲ್ವು ತೆರೆದಿದ್ದಾರೆ. ಆ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಪಾಚಿ ಹಿಡಿದ ಕ್ಯಾನಿನಲ್ಲಿ ತಂದರೆ ಮನೆಗೆ ಬರುವಷ್ಟರಲ್ಲಿ ಮತ್ತೆ ಕೆಟ್ಟಿರುತ್ತದೆ.

ಕಿಟ್ಟಿನಲ್ಲಿ ಕಂಡದ್ದನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಲ್ಯಾಬಿನಲ್ಲಿ ಖಾತ್ರಿ ಮಾಡಿಕೊಳ್ಳಿ.

ದೋಷ ಸರಿಯಾಯಿತು ಅಂತ ಯಾವಾಗ ಹೇಳಬಹುದು

ವಾಸನೆ ಹೋದ ದಿನ ಅಲ್ಲ. ಮೂರು ದಿನ ಸತತ, ನೀರು ಬಿಟ್ಟ ಕೂಡಲೇ ಕೊನೆ ಮನೆಯಲ್ಲಿ ಹಿಡಿದ ನೀರಿನಲ್ಲಿ 0.2 ಕ್ಲೋರಿನ್ ಇರಬೇಕು. ಕ್ಯಾನ್ ನಾಲ್ಕೂವರೆ ನಿಮಿಷದೊಳಗೆ ತುಂಬಬೇಕು. ಆಮೇಲೆ ಒಂದು ಜೋರು ಮಳೆ ಬಂದ ಮಾರನೇ ದಿನ ಮತ್ತೆ ನೋಡಬೇಕು. ನಾವು ವಾಲ್ವು ಬದಲಾಯಿಸಿದ ವಾರ ಕೊನೆ ಮನೆಯಲ್ಲಿ ಕ್ಯಾನ್ ಮೂರೂವರೆ ನಿಮಿಷಕ್ಕೆ ತುಂಬಿತು. ಎಂಟು ಗುಂಡಿಗಳಲ್ಲಿ ಆರನ್ನು ಮನೆಯವರೇ ಮುಚ್ಚಿದರು, ಯಾರೂ ಹೇಳಬೇಕಾಗಲಿಲ್ಲ. ಉಳಿದೆರಡು ಮನೆಯವರು ಇನ್ನೊಂದು ಬೇಸಿಗೆ ನೋಡುತ್ತೇವೆ ಅಂದಿದ್ದಾರೆ. ಆ ಎರಡು ನಲ್ಲಿಗಳ ನೀರನ್ನು ನಾನು ವಾರಕ್ಕೊಮ್ಮೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.